ಮಾವನವರ ಮುಂದೆ ಹಾರಿಸಿದ ನಾಲ್ಕು ಹಾಳೆ

ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದ ವರ್ಷ ಅದು. ಅಂಥ ವರ್ಷ ವೈರಿಗೂ ಬೇಡ. ದಸರೆಗೆ ಮುಂಚೆ ನಮ್ಮ ಮನೆಯವರು ಕೆಲಸಕ್ಕಿದ್ದ ಇಳಕಲ್ಲಿನ ಸೀರೆ ಅಂಗಡಿ ಮುಚ್ಚಿತು. ಅದರ ಬೆನ್ನಿಗೇ ಮಾವನವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು. ಹುನಗುಂದದ ಸುತ್ತಮುತ್ತ ಜೀವಮಾನವಿಡೀ ಪಾಠ ಹೇಳಿದ ಬಾಯಿ ಬಂದ್ ಆಯಿತು.

"ತಿಳಿವಳಿಕಿ ಎಷ್ಟ ಉಳದೈತಿ ಈಗ ಹೇಳಾಕ ಬರಂಗಿಲ್ರಿ. ದಿನಾ ಏನರ ಓದಿ ಹೇಳ್ರಿ" ಎಂದರು ಬಾಗಲಕೋಟೆಯ ಡಾಕ್ಟರು.

ನಮ್ಮ ಮನೆಯಲ್ಲಿ ಅದೇನು ಹೊಸದಲ್ಲ. ದೀಪ ಹಚ್ಚಿದ ಮೇಲೆ ಒಬ್ಬರು ಕಾದಂಬರಿ ಓದುವುದು, ಉಳಿದವರು ಜೋಳ ಹಸನು ಮಾಡುತ್ತ ಕೇಳುವುದು ನಾನು ಸೊಸೆಯಾಗಿ ಬಂದಾಗಿನಿಂದಲೂ ಇತ್ತು. ಈಗ ಮಾವನವರ ಮಂಚದ ಪಕ್ಕ ಕೂತು ನಾನೇ ಓದತೊಡಗಿದೆ. ಅವರು ಜಂತಿ ನೋಡುತ್ತ ಮಲಗಿರುತ್ತಿದ್ದರು. ಮೂರು ತಿಂಗಳು ಗೋಡೆಗೆ ಓದಿದ ಹಾಗೆ ಓದಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಸಾಕುಸಾಕಾಗಿ ಹೋಗಿತ್ತು.

ಒಂದು ದಿನ ಅವರ ಗುಳಿಗೆ ತರಲು ಬಾಗಲಕೋಟೆಗೆ ಹೋಗಿದ್ದೆ. ಬರುವಾಗ ಕಮತಗಿ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಸೊಂಟ ಬಿದ್ದುಹೋಗಿತ್ತು, ರೊಟ್ಟಿ ಬಡಿಯುವುದು ಬೇರೆ ಬಾಕಿ. ಆದರೂ ಪುಸ್ತಕ ಹಿಡಿದು ಕೂತೆ. ಕಥಾನಾಯಕಿ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಿದ್ದಳು. ಇವರಿಗೇನು ತಿಳಿದೀತು ಎಂದು ನಾಲ್ಕು ಹಾಳೆ ಒಮ್ಮೆಲೇ ಮಗುಚಿ ನೇರ ತೀರ್ಪಿಗೆ ಬಂದುಬಿಟ್ಟೆ.

ಟಕ್ ಟಕ್ ಎಂದು ಸದ್ದಾಯಿತು. ಮಾವನವರು ಎಡಗೈ ಗೆಣ್ಣಿನಿಂದ ಮಂಚ ಕುಟ್ಟುತ್ತಿದ್ದರು.

"ನೀರ ಬೇಕೇನ್ರಿ ಮಾವಾರ?" ಲೋಟ ಹಿಡಿದೆ. ಮುಖ ತಿರುಗಿಸಿದರು.

"ಒಂದಕ್ಕ ಬಂದೈತೇನ್ರಿ?" ಎಂದೆ. ಇನ್ನೂ ಜೋರಾಗಿ ಕುಟ್ಟಿದರು.

ಅಲ್ಲೇ ಓದುತ್ತ ಕೂತಿದ್ದ ಮಗಳು ಎದ್ದು ಬಂದಳು. "ಯವ್ವಾ, ನೀ ಹಾಳಿ ಹಾರಿಸಿದಿ! ಆಕಿ ಸಾಕ್ಷಿ ಹೇಳೂದ ಎಲ್ಲಿ ಹೋತು? ಅಜ್ಜ ಅದಕ್ಕ ಸಿಟ್ಟಾಗ್ಯಾನ!"

ಹೌದಲ್ಲ! ಓದುವವರು ಒಂದು ಸಾಲು ಬಿಟ್ಟರೂ ಮಾವನವರು ಹಿಂದೆಲ್ಲ ಹೀಗೇ ಕುಟ್ಟುತ್ತಿದ್ದರು. "ಅಪ್ಪಾ, ಅಜ್ಜಗ ಎಲ್ಲಾ ತಿಳೀತೈತಿ!" ಎಂದು ಕೂಗುತ್ತ ಮಗಳು ಅಂಗಳಕ್ಕೆ ಓಡಿದಳು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮರುಗಳಿಗೆಯೇ ಇನ್ನೊಂದು ನೆನಪಾಯಿತು.

ಹಿಂದಿನ ವಾರ ಅದೇ ಮಂಚದ ಪಕ್ಕ ಕೂತು ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ: "ಇವರನ್ನ ದೇವರು ಕರಕೊಂಡಿದ್ರ ಚಲೋ ಇತ್ತ ನೋಡಕ್ಕಾ. ನನ್ನ ಕೈಲೆ ಆಗವಲ್ದು."

ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಹಾಳೆ ಹಿಂದಕ್ಕೆ ಮಗುಚಿ ಅಧ್ಯಾಯವನ್ನು ಮೊದಲಿನಿಂದ ಓದಿದೆ. ರೊಟ್ಟಿ ತಡವಾಯಿತು.

ಈಗ ಅವರಿಗೆ ನಾಲ್ಕಾರು ಮಾತು ತೊದಲುತ್ತ ಬರುತ್ತವೆ. ಆ ಫೋನಿನ ಮಾತನ್ನು ಅವರೂ ಎತ್ತಿಲ್ಲ, ತಪ್ಪಾಯಿತೆನ್ನಲು ನನಗೂ ಬಾಯಿ ಬಂದಿಲ್ಲ. ಚಹಾ ಕೊಡಲು ಹೋದರೆ ಎಡಗೈಯಿಂದ ಮಂಚದ ಅಂಚು ತೋರಿಸುತ್ತಾರೆ. "ಕುಂದ್ರವ್ವಾ, ದಣದಿ ನೀ" ಎನ್ನುತ್ತಾರೆ. ಕೂರುತ್ತೇನೆ, ತಲೆ ಎತ್ತಲು ಆಗುವುದಿಲ್ಲ.