ಮೂಗಿನ ಮುಂದಿನ ಹತ್ತಿ

ಕಾನಸೂರಿನ ಆಸುಪಾಸಿನಲ್ಲಿ ಮದುವೆಗೋ ಮುಂಜಿಗೋ ಹೋದವರಿಗೆ ಒಗ್ಗರಣೆಯ ಘಮಕ್ಕಿಂತ ಮೊದಲು ಬೈಗುಳ ಬಂದು ಕಿವಿಗೆ ಬಡಿದರೆ, ಆ ದಿನದ ಅಡಿಗೆ ಕಮಲಾಕರ ಭಟ್ಟರದ್ದು ಎಂದು ತಿಳಿಯಬಹುದು. ಅವರ ಹೆಂಡತಿ ನಾನು, ಪರಿಮಳಾ. ಅವರ ವಿಷಯ ಬರೆಯುವುದಕ್ಕೆ ನನಗಿಂತ ಹೆಚ್ಚಿನ ಅಧಿಕಾರ ಯಾರಿಗೂ ಇಲ್ಲ. ಊರವರು ಅವರ ಬೈಗುಳವನ್ನು ಹಬ್ಬದೂಟದ ದಿನ ಮಾತ್ರ ಕೇಳಿದ್ದಾರೆ, ನಾನು ಏಕಾದಶಿಯ ದಿನವೂ ಕೇಳಿದ್ದೇನೆ.

ಊರವರಿಗೆ ಅವರ ಸಿಟ್ಟು ಎಂದರೆ ಒಂದು ಮರ್ಯಾದೆ. "ಭಟ್ಟರಿಗೆ ಸಿಟ್ಟು ಮೂಗಿನ ತುದಿಯಲ್ಲೇ, ಆದರೆ ಕೈಯಲ್ಲಿ ಅಮೃತ ಇದೆ" ಎಂದು ಹೊಗಳುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಪ್ಪೆಹುಳಿ ಚೆನ್ನಾಗಿದ್ದರೆ ಒಲೆಯ ಹತ್ತಿರ ನಿಂತವರನ್ನು ಕತ್ತೆ, ಕೋಣ ಎಂದು ಕರೆಯಬಹುದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ತೆಂಗಿನಕಾಯಿ ತುರಿಯುವವರಿಗೆ ಒಂದು ಬೈಗುಳ, ಬಾಳೆಲೆ ಒರೆಸುವವರಿಗೆ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಿನದು ಹೊನ್ನನಿಗೆ.

ಹೊನ್ನ ನಮ್ಮ ಊರಿನವನೇ. ಕಟ್ಟಿಗೆ ಒಡೆಯುವುದು, ಒಲೆ ಹೂಡುವುದು, ದೊಡ್ಡ ಪಾತ್ರೆ ಎತ್ತಿ ಇಳಿಸುವುದು ಅವನ ಪಾಲು. ಅಡಿಗೆ ಮನೆಯಲ್ಲಿ ಅವನು ಅಲ್ಲಿಗೆ ಹೋಗಬಾರದು, ಇಲ್ಲಿ ಮುಟ್ಟಬಾರದು ಎಂದು ಹೇಳುವ ಹಿರಿಯರು ಈಗಲೂ ಇದ್ದಾರೆ. ಕುದಿಯುವ ಕೊಪ್ಪರಿಗೆ ಎತ್ತುವ ಹೊತ್ತಿಗೆ ಅವರ ಮಡಿ ಎಲ್ಲಿ ಹೋಗುತ್ತದೆಯೋ, ಆಗ ಎಲ್ಲರೂ ಹೊನ್ನ ಎಲ್ಲಿ, ಹೊನ್ನ ಎಲ್ಲಿ ಎಂದು ಹುಡುಕುತ್ತಾರೆ.

ನಮ್ಮ ಮಾವನವರೂ ಅಡಿಗೆಯವರೇ. ಅವರು ಮಾಡಿಟ್ಟ ಒಂದು ಪದ್ಧತಿ ಇದೆ. ಪಂಕ್ತಿ ಕೂತ ಮೇಲೆ ಮೊದಲ ಕೊಪ್ಪರಿಗೆಯ ಅನ್ನವನ್ನು ಅಡಿಗೆಯ ಯಜಮಾನನೇ ಕೈಯಾರೆ ಬಸಿಯಬೇಕು. ಕೊಪ್ಪರಿಗೆಯ ಬಾಯಿಗೆ ಬಿದಿರಿನ ಸಿಬ್ಬಲು ಮುಚ್ಚಿ, ಎರಡೂ ಬದಿಗೆ ಇಬ್ಬರು ಬಟ್ಟೆ ಹಿಡಿದು, ನಿಧಾನವಾಗಿ ಬಗ್ಗಿಸಿ ಗಂಜಿಯನ್ನು ಪಕ್ಕದ ಹೊಂಡಕ್ಕೆ ಸುರಿಯಬೇಕು. ಒಬ್ಬ ಕೈಬಿಟ್ಟರೆ ಇನ್ನೊಬ್ಬನಿಗೆ ದೇವರೇ ಗತಿ. ಒಂದು ಬದಿಗೆ ನಮ್ಮನೆಯವರು, ಇನ್ನೊಂದು ಬದಿಗೆ ಹೊನ್ನ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಹೊರಗಿನವರಿಗೆ ಕಾಣದ್ದು ನನಗೆ ಕಾಣುತ್ತಿತ್ತು. ದೊಡ್ಡ ಊಟದ ಹಿಂದಿನ ದಿನ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ಕೇಳಿದರೆ, ಅಡಿಗೆಯವನು ಹಸಿದಿದ್ದರೆ ಮಾತ್ರ ರುಚಿ ಗೊತ್ತಾಗುತ್ತದೆ ಎಂದು ದೊಡ್ಡ ಮಾತು ಹೇಳುತ್ತಿದ್ದರು. ನಾನೂ ನಂಬಿದೆ. ಗಂಡ ಹೇಳಿದ್ದನ್ನು ನಂಬುವ ರೋಗ ನನಗೂ ಸ್ವಲ್ಪ ಇತ್ತು.

ಕಳೆದ ಚೈತ್ರದಲ್ಲಿ ಸಿದ್ದಾಪುರದ ಹತ್ತಿರ ಒಂದು ಮುಂಜಿ. ಪಂಕ್ತಿ ಕೂತಿತು, ಕೋಸಂಬರಿ ಪಲ್ಯ ಬಡಿಸಿ ಆಯಿತು, ಅನ್ನ ಬರಲಿ ಎಂದು ಚಪ್ಪರದಿಂದ ಕೂಗು ಬಂತು. ಇವರು ಕೊಪ್ಪರಿಗೆ ಬಗ್ಗಿಸಿದ್ದರು, ಅರ್ಧ ಗಂಜಿ ಹೋಗಿತ್ತು. ಆಗ ಇವರ ಎದೆ ಹಿಡಿಯಿತು, ಕೈ ಸತ್ತಂತೆ ಆಯಿತು, ಬಟ್ಟೆ ಬಿಟ್ಟುಬಿಟ್ಟರು. ಕುದಿಯುವ ಗಂಜಿ ಹೊನ್ನನ ಬಲಗಾಲಿನ ಮೇಲೆ ಮೊಣಕಾಲಿನಿಂದ ಪಾದದವರೆಗೆ ಬಿತ್ತು. ಹೊನ್ನ ಕೂಗಿದ್ದು ಪಂಕ್ತಿಯ ಕೊನೆಯವರೆಗೂ ಕೇಳಿತಂತೆ. ಆಗ ನಮ್ಮನೆಯವರ ಬಾಯಿಂದ ಬಂದ ಮಾತನ್ನು ಅಲ್ಲಿದ್ದ ಆನಂದ ನನಗೆ ಹೇಳಿದ್ದಾನೆ. ಆನಂದ ಎಂದರೆ ಇವರ ಜೊತೆ ಬಡಿಸಲು ಹೋಗುವ ನನ್ನ ತಮ್ಮ.

"ಸರಿಯಾಗಿ ಹಿಡಿಯೋಕೆ ಬರೋದಿಲ್ವೇನೋ ನಿಂಗೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನೇ ಇವರು ಬೆಂದ ಕಾಲಿನವನಿಗೆ ಹೇಳಿದರು, ಎಲ್ಲರೂ ನಂಬಿದರು. ಭಟ್ಟರ ಕೈ ಜಾರುವುದುಂಟೇ, ಹೊನ್ನನೇ ಎಡವಟ್ಟು ಮಾಡಿರಬೇಕು ಎಂದು ಮುಂಜಿಯ ಮನೆಯಲ್ಲಿ ತೀರ್ಮಾನವಾಯಿತು. ಹೊನ್ನ ಜೀಪು ಹತ್ತಿ ಶಿರಸಿಯ ಆಸ್ಪತ್ರೆಗೆ ಹೋದ.

ಅದೇ ಸಂಜೆ ಇವರಿಗೂ ಎದೆ ನೋವು. ನಾನು ಹೆದರಿ ಶಿರಸಿಗೇ ಕರೆದುಕೊಂಡು ಹೋದೆ. ಅಲ್ಲಿ ಮೇಧಾ ಎಂಬ ಸಣ್ಣ ವಯಸ್ಸಿನ ಡಾಕ್ಟರು. ಇಸಿಜಿ ತೆಗೆದಳು, ರಕ್ತ ನೋಡಿದಳು, ಹೃದಯ ಗಟ್ಟಿಯಾಗಿದೆ ಎಂದಳು. ಆಮೇಲೆ ಇವರನ್ನು ಕೂರಿಸಿಕೊಂಡು ಒಂದೊಂದೇ ಕೇಳಿದಳು. ಎದೆ ಯಾವಾಗ ಹಿಡಿಯುತ್ತದೆ, ಕೈ ಯಾವಾಗ ನಡುಗುತ್ತದೆ, ಊಟ ಯಾವಾಗ ಸೇರುವುದಿಲ್ಲ. ಇವರು ಸುಳ್ಳು ಹೇಳಲು ಹೋದರು. ನಾನು ಬಿಡಲಿಲ್ಲ. ಪಂಕ್ತಿ ಕೂರುವ ಹೊತ್ತಿಗೆ ಹೀಗಾಗುವುದು ಎಷ್ಟೋ ವರ್ಷದಿಂದ ಇದೆ ಎಂದು ಕಡೆಗೂ ಬಾಯಿಬಿಟ್ಟರು. ಅಷ್ಟು ವರ್ಷ ಆ ನಡುಗುವ ಕೈಯ ಎದುರಿಗೆ ನಿಂತವನು ಹೊನ್ನ.

ಇದು ಭಯ, ಭಟ್ರೇ, ಮನಸ್ಸಿನ ಭಯ ಮೈಗೆ ಇಳಿದಿದೆ ಎಂದು ಮೇಧಾ ಹೇಳಿದಳು. ಮದ್ದು ಬೇಕಾದರೆ ಆಮೇಲೆ ನೋಡೋಣ, ಮೊದಲು ಉಸಿರಾಟ ಸರಿ ಮಾಡಿಕೊಳ್ಳಿ ಎಂದು ಅಲ್ಲೇ ಮಾಡಿ ತೋರಿಸಿದಳು. ಹೊಟ್ಟೆ ಮೇಲೆ ಕೈ ಇಟ್ಟು, ಹೊಟ್ಟೆ ಏಳುವ ಹಾಗೆ ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಳ್ಳುವುದು. ಬಿಡುವಾಗ ಅದಕ್ಕಿಂತಲೂ ಮೆಲ್ಲಗೆ, ಅದಕ್ಕಿಂತಲೂ ಉದ್ದಕ್ಕೆ ಬಿಡುವುದು. ಬೆಳಿಗ್ಗೆ ಸಂಜೆ ಸುಮ್ಮನೆ ಕೂತು ರೂಢಿ ಮಾಡಬೇಕು, ಆಗ ಎದೆ ಹಿಡಿದಾಗ ಅದು ನೆನಪಿಗೆ ಬರುತ್ತದೆ ಎಂದಳು. ಇಷ್ಟೇ. ಕಾಸು ಖರ್ಚಿಲ್ಲ, ಕಷಾಯ ಇಲ್ಲ.

ಇವರು ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ ಉರಿದುಬಿದ್ದರು. "ಉಪನಯನ ಆದಾಗಿಂದ ಆನು ದಿನಾ ಪ್ರಾಣಾಯಾಮ ಮಾಡ್ತೇ ಇದ್ದೆ. ನಂಗೇ ಉಸಿರಾಡದು ಕಲಿಸ್ತಡ ಈ ಕೂಸು!"

ಬಸ್ ಸ್ಟ್ಯಾಂಡಿನವರೆಗೂ ಅದೇ ರಾಗ. ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮ ಇಲ್ಲವೇ, ಋಷಿಗಳು ಕೊಟ್ಟದ್ದನ್ನು ಇವಳು ಇಂಗ್ಲಿಷಿನಲ್ಲಿ ಓದಿ ನಮಗೆ ವಾಪಸು ಮಾರುತ್ತಾಳೆಯೇ ಎಂದರು. ನನಗೂ ಅದು ಹೌದೆನಿಸಿತು. ಮೂಗು ಹಿಡಿಯುವುದನ್ನು ದಿನಾ ನೋಡಿದವಳು ನಾನೇ.

ಹದಿನೈದು ದಿನವೂ ಆಗಿರಲಿಲ್ಲ, ಹೊನ್ನನ ಅವ್ವ ದುರ್ಗಮ್ಮ ನಮ್ಮ ಅಂಗಳಕ್ಕೆ ಬಂದಳು. ಕೂತುಕೋ ಎಂದರೆ ಕೂರಲಿಲ್ಲ, ಕೊಟ್ಟ ಚಹಾ ಮುಟ್ಟಲಿಲ್ಲ. ಕಾಲಿನ ಚರ್ಮ ಕಿತ್ತು ಕಿತ್ತು ಬರುತ್ತಿದೆ, ಮಗ ಹಲ್ಲು ಕಚ್ಚಿ ಮಲಗಿದ್ದಾನೆ, ಊರೆಲ್ಲ ಅವನದೇ ತಪ್ಪು ಅನ್ನುತ್ತಿದೆ, ನೀವಾದರೂ ನಿಜ ಹೇಳಿ ಎಂದು ಇವರನ್ನೇ ನೋಡಿ ಕೇಳಿದಳು. ಇವರು ಎದ್ದು ಒಳಗೆ ಹೋದರು. ದುರ್ಗಮ್ಮ ಅಂಗಳದಲ್ಲೇ ಉಗಿದು ಹೋದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಒಳಗೆ ಹೋಗಿ ಕದ ಹಾಕಿಕೊಂಡವರ ಮೇಲೆ ಬಂತು.

ಸಿಟ್ಟಿನಲ್ಲಿ ನಾನೇ ಆ ಉಸಿರಾಟ ಮಾಡಿ ನೋಡಿದೆ. ಅಡಿಗೆ ಮನೆಯ ಮಣೆಯ ಮೇಲೆ ಕೂತು, ಡಾಕ್ಟರು ತೋರಿಸಿದ ಹಾಗೆ, ಬಿಡುವುದನ್ನು ಉದ್ದಕ್ಕೆ ಎಳೆದು. ಸಿಟ್ಟೇನೂ ಹೋಗಲಿಲ್ಲ. ಆದರೆ ಎಸೆಯಬೇಕೆಂದು ಹಿಡಿದ ಲೋಟ ಕೈಯಲ್ಲೇ ಉಳಿಯಿತು. ಅದು ನನಗೆ ಸಾಕಾಯಿತು. ಆಗಲೇ ಒಂದು ಅನುಮಾನವೂ ಬಂತು. ಒಂದು ಸಲ ಹೀಗೆ ಉಸಿರು ಬಿಡುವುದಕ್ಕೆ ಇಷ್ಟು ಹೊತ್ತು ಬೇಕಾದರೆ, ಇವರ ಪ್ರಾಣಾಯಾಮ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದು ಹೇಗೆ?

ಮರುದಿನ ಬೆಳಿಗ್ಗೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಇವರ ಎದುರೇ ಕೂತೆ. ಇವರು ಆಚಮನ ಮಾಡಿ ಮೂಗು ಹಿಡಿದರು. ನಾನು ಒಂದು ಎಳೆ ಹತ್ತಿ ಬಿಡಿಸಿ ಅವರ ಮೂಗಿನ ಮುಂದೆ ಹಿಡಿದೆ. ತುಟಿ ಗಡಗಡ ಅಲ್ಲಾಡಿತು, ಮಂತ್ರ ಮುಗಿಯಿತು, ಬೆರಳು ಮೂಗಿನಿಂದ ಕೆಳಗೆ ಬಂತು. ಮೂಗು ಜಾಗದಲ್ಲಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದ ಹಾಗೆ, ಅಷ್ಟೇ.

"ಹತ್ತಿ ಅಲ್ಲಾಡಿದ್ದೇ ಇಲ್ಲೆ," ಎಂದೆ.

ಅಯ್ಯಯ್ಯೋ, ಆಮೇಲಿನ ರಂಪ! ಸಂಧ್ಯಾವಂದನೆ ಕೆಡಿಸಿದೆ, ಮಡಿ ಕೆಡಿಸಿದೆ, ನಿನ್ನ ತವರಿನಲ್ಲಿ ಇದನ್ನೇ ಕಲಿಸಿದ್ದು ಎಂದು ಕೂಗಾಡಿ ಮತ್ತೆ ಸ್ನಾನ ಮಾಡಿದರು. ನಾನೂ ಸುಮ್ಮನಿರಲಿಲ್ಲ. ಉಪನಯನ ಆದಾಗಿಂದ ನೀವು ಒಂದೇ ಒಂದು ಪ್ರಾಣಾಯಾಮ ಮಾಡಿಲ್ಲ, ಮೂಗಿಗೆ ಬೆರಳು ತೋರಿಸಿ ದೇವರಿಗೂ ಮೋಸ ಮಾಡಿದ್ದೀರಿ ಎಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಮಾತು ನಿಂತಿತು. ಚಹಾ ಬೇಕಾದರೆ ಲೋಟ ಕುಟ್ಟುತ್ತಿದ್ದರು. ನಾನು ಕೇಳಿದರೂ ಕೇಳದವಳ ಹಾಗೆ ಇರುತ್ತಿದ್ದೆ.

ವೈಶಾಖದ ಕೊನೆಗೆ ಬಿಳಗಿಯಲ್ಲಿ ವೆಂಕಟ್ರಮಣ ಹೆಗಡೆಯವರ ಮಗಳ ಮದುವೆ. ದೊಡ್ಡ ಊಟ. ಹೊನ್ನನೂ ಬರುತ್ತಾನೆ ಎಂದು ಗೊತ್ತಾಯಿತು. ಅವನ ಕಾಲು ಪೂರ್ತಿ ಮಾಗಿರಲಿಲ್ಲ. ಬರದಿದ್ದರೆ ಇವರು ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ, ಆಮೇಲೆ ಯಾವ ಮದುವೆಗೂ ಕರೆಯುವುದಿಲ್ಲ ಎಂದು ಅವನಿಗೆ ಗೊತ್ತು. ಮೊದಲ ಅನ್ನ ಬಸಿಯುವುದನ್ನು ಈ ಸಲ ಆನಂದನಿಗೆ ಬಿಡಿ ಎಂದು ನಾನು ಮೌನ ಮುರಿದು ಹೇಳಿದೆ. ಅಪ್ಪನ ಪದ್ಧತಿ ನಾನು ಸತ್ತ ಮೇಲೆ ಬಿಡಿ ಎಂದರು. ಮತ್ತೆ ಕೈಬಿಟ್ಟರೆ ಹೊನ್ನನ ಇನ್ನೊಂದು ಕಾಲು ಹೋಗುತ್ತದೆ, ಕಾಲಿನ ಮಟ್ಟಿಗೇ ನಿಂತರೆ ಪುಣ್ಯ. ಕರೆಯದಿದ್ದರೂ ನಾನು ಸೀರೆ ಉಟ್ಟು ಹೊರಟೆ, ಬತ್ತಿಯ ಹತ್ತಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಬಿಳಗಿಯಲ್ಲಿ ಮನೆಯ ಹಿಂದೆ ಅಡಿಗೆ. ಬೆಳಿಗ್ಗೆಯಿಂದ ಇವರ ಬೈಗುಳ ಏರುತ್ತಲೇ ಇತ್ತು. ಹೊನ್ನ ಕುಂಟುತ್ತಾ ಕಟ್ಟಿಗೆ ತಂದು ಹಾಕುತ್ತಿದ್ದ, ಇವರ ಮುಖ ನೋಡುತ್ತಿರಲಿಲ್ಲ. ಪಂಕ್ತಿ ಕೂತಿತು. ಅನ್ನ, ಅನ್ನ ಎಂದು ಚಪ್ಪರದಿಂದ ಕೂಗಿದರು. ಇವರು ಬಟ್ಟೆ ಹಿಡಿದು ಕೊಪ್ಪರಿಗೆಯ ಹತ್ತಿರ ನಿಂತರು. ಎದುರಿಗೆ ಹೊನ್ನ ಬಗ್ಗಿದ, ಸುಟ್ಟ ಕಾಲನ್ನು ಹಿಂದಕ್ಕಿಟ್ಟು, ಒಳ್ಳೆಯ ಕಾಲನ್ನು ಮುಂದಕ್ಕಿಟ್ಟು. ಇವರ ಹಣೆಯ ಮೇಲೆ ಬೆವರು ಒಡೆದಿತ್ತು. ಬಟ್ಟೆಯ ತುದಿ ನಡುಗುತ್ತಿತ್ತು. ಬಾಯಿ ಮಾತ್ರ ಬೈಯುತ್ತಲೇ ಇತ್ತು.

ನಾನು ಹೋಗಿ ಇವರಿಗೂ ಕೊಪ್ಪರಿಗೆಗೂ ಮಧ್ಯೆ ನಿಂತೆ. ಸೆರಗಿನಿಂದ ಹತ್ತಿ ಬಿಚ್ಚಿ, ಅಷ್ಟು ಜನರ ಎದುರಿಗೆ, ಅವರ ಮೂಗಿನ ಮುಂದೆ ಹಿಡಿದೆ. ತೆಂಗಿನಕಾಯಿ ತುರಿಯುವವರು ಕೈ ನಿಲ್ಲಿಸಿದರು. ಇವರು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ನಾನೂ ಹಾಗೇ ನೋಡಿದೆ. ನಮ್ಮಿಬ್ಬರ ಮಧ್ಯೆ ಆಗ ಪ್ರೀತಿ ಇತ್ತು ಎಂದು ಯಾರಾದರೂ ಬರೆದರೆ ಅದು ಹಸಿ ಸುಳ್ಳು.

ಹೆಗಡೆಯವರು ಓಡಿ ಬಂದರು. ಪಂಕ್ತಿ ಕೂತು ಎಷ್ಟು ಹೊತ್ತಾಯಿತು, ಬೀಗರು ಖಾಲಿ ಎಲೆ ನೋಡುತ್ತಾ ಕೂತಿದ್ದಾರೆ, ಮರ್ಯಾದೆ ತೆಗೆಯಬೇಕೆಂದೇ ಬಂದಿದ್ದೀರಾ ಎಂದು ಹಾರಾಡಿದರು. ನಾನು ತಿರುಗಿಯೂ ನೋಡಲಿಲ್ಲ.

"ಕಾದ್ರೆ ಯಾರ ಕಾಲೂ ಸುಡ್ತಿಲ್ಲೆ ಹೆಗಡೇರೇ. ಕಾಯಲಿ."

ಹತ್ತಿ ಮೊದಲು ಅಲ್ಲಾಡಲಿಲ್ಲ. ಆಮೇಲೆ ಪಟಪಟ ಎಂದು ಹೊಡೆದುಕೊಂಡಿತು, ಏದುಸಿರು. ಹೊಟ್ಟೆಯಿಂದ ಉಸಿರು ತೆಗೆಯಿರಿ ಎಂದೆ. ಇವರ ಕಣ್ಣು ಹತ್ತಿಯ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಎಳೆ ಮೂಗಿನ ಕಡೆ ಬಾಗಿತು, ನಿಂತಿತು, ಮೆಲ್ಲಗೆ ನನ್ನ ಕಡೆ ಬಾಗಿತು. ಮತ್ತೊಮ್ಮೆ. ಮತ್ತೊಮ್ಮೆ, ಇನ್ನೂ ಉದ್ದಕ್ಕೆ. ಬೈಗುಳ ತಾನಾಗಿ ನಿಂತಿತ್ತು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಕಾಣುತ್ತದೆ. ಹೆಗಡೆಯವರು ಇನ್ನೇನೋ ಅಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇವರು ಬಟ್ಟೆಯನ್ನು ಕೆಳಗಿಟ್ಟರು. ನಾನು ಅದನ್ನು ಎಣಿಸಿರಲಿಲ್ಲ. ಉಸಿರು ಸರಿಯಾದರೆ ಇವರೇ ಅನ್ನ ಬಸಿಯುತ್ತಾರೆ ಎಂದುಕೊಂಡಿದ್ದೆ. ಇವರು ಹೊನ್ನನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಹೊನ್ನಾ, ನಂಗೆ ಹೆದರಿಕೆ ಆಗ್ತದೆ. ಈ ಕೈಯ ನಂಬಬೇಡ. ಅವತ್ತೂ ನಾನೇ ಬಿಟ್ಟಿದ್ದು."

ಊರಿಗೆಲ್ಲ ಹೆದರಿಕೆ ಹುಟ್ಟಿಸಿದ ಮನುಷ್ಯನ ಬಾಯಲ್ಲಿ ಆ ಮಾತು ಬಂದದ್ದು ನಾನು ಅದೇ ಮೊದಲು ಕೇಳಿದ್ದು. ಆನಂದ ಬಂದು ಬಟ್ಟೆ ಹಿಡಿದ. ಅವನೂ ಹೊನ್ನನೂ ಕೊಪ್ಪರಿಗೆ ಬಗ್ಗಿಸಿದರು, ಗಂಜಿ ಪೂರ್ತಿ ಹೊಂಡಕ್ಕೆ ಹೋಯಿತು, ಅನ್ನ ಚಪ್ಪರಕ್ಕೆ ಹೋಯಿತು. ಹೆಗಡೆಯವರು ಅದರ ಹಿಂದೆಯೇ ಓಡಿದರು.

ಹೊನ್ನ ಸೊಂಟ ನೆಟ್ಟಗೆ ಮಾಡಿ ಕೈ ಒರೆಸಿಕೊಂಡ. ಇವರು ಅವನ ಎದುರಿಗೇ ನಿಂತಿದ್ದರು. ಅವನು ಕ್ಷಮಿಸುತ್ತಾನೆ ಎಂದು ಇವರು ಕಾಯುತ್ತಿದ್ದರೋ ಏನೋ. ಹೊನ್ನನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ.

"ಭಟ್ರೇ," ಎಂದ, "ಇಷ್ಟು ವರ್ಷದಾಗೆ ಒಂದಿನ ಈ ಮಾತು ಹೇಳಿದ್ರೆ ನನ್ ಕಾಲು ಉಳೀತಿತ್ತು."

ಹೇಳಿ, ಕುಂಟುತ್ತಾ ಕಟ್ಟಿಗೆಯ ರಾಶಿಯ ಕಡೆ ಹೋದ. ಹತ್ತಿ ಇನ್ನೂ ನನ್ನ ಕೈಯಲ್ಲೇ ಇತ್ತು. ಇವರು ಅಲ್ಲೇ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಉಸಿರು ತೆಗೆದುಕೊಂಡರು, ಬಿಟ್ಟರು. ಚಪ್ಪರದಲ್ಲಿ ಸಾರು ಬರಲಿ ಎಂದು ಕೂಗುತ್ತಿದ್ದರು.