ಪೋಸ್ಟರಿನ ಕಿರುಬೆರಳು

ನಾನು ಹುಟ್ಟಾ ಪುಕ್ಕಲಿ. ಹಲ್ಲಿಗೆ, ಗುಡುಗಿಗೆ, ಗಣಿತದ ಮಾಸ್ತರಿಗೆ, ಕಂಡದ್ದಕ್ಕೆಲ್ಲ ಹೆದರುತ್ತಿದ್ದೆ. ಆದರೆ ಅವೆಲ್ಲ ಬಂದು ಹೋಗುವ ಹೆದರಿಕೆಗಳು. ನಿಪ್ಪಾಣಿಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಕಾಯಂ ಠಿಕಾಣಿ ಹೂಡಿದ್ದ ಹೆದರಿಕೆ ಒಂದೇ. ಯಾರಾದರೂ ಬಂದು ಅಪ್ಪನ ಸುದ್ದಿ ಹೇಳಿಬಿಟ್ಟರೆ ಏನು ಗತಿ?

ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ, ಪೋಸ್ಟರಿನ ಚಿತ್ರ ಬರೆಯುತ್ತಿದ್ದ. ಅಥಣಿಯಲ್ಲಿ ಕ್ಯಾಂಪ್ ಹಾಕಿದ್ದ ಒಂದು ಕಂಪನಿಯ ಬೆನ್ನು ಹತ್ತಿ ಹೋದವನು ತಿರುಗಿ ಬರಲಿಲ್ಲ. ಆಗ ನನಗೆ ಅವನ ಮುಖ ನೆನಪಿಡುವ ವಯಸ್ಸೂ ಅಲ್ಲ. ಅವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ನಿಪ್ಪಾಣಿಗೆ ಬಂದು ಬೀಡಿ ಕಟ್ಟಲು ಕುಳಿತಳು. ಸೋಲಾಪುರದಲ್ಲಿ ಕಂಡರಂತೆ, ಪುಣೆಯಲ್ಲಿ ಕಂಡರಂತೆ ಎಂಬ ಗಾಳಿಮಾತುಗಳು ಮೊದಮೊದಲು ಬರುತ್ತಿದ್ದವು, ಆಮೇಲೆ ಅವೂ ನಿಂತವು. ಸತ್ತಿದ್ದಾನೆ ಎಂದು ಹೇಳುವವರು ಯಾರೂ ಇಲ್ಲದ ತನಕ ಅವ್ವ ಮುತ್ತೈದೆ. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ಓಣಿಯಲ್ಲಿ ಉಡಿ ತುಂಬುವ ಕಾರ್ಯವಿದ್ದರೆ ಎಲ್ಲರ ಜೊತೆ ಅವಳಿಗೂ ಕರೆ. ಉಂಡುಟ್ಟು ಸುಖಪಟ್ಟವಳಲ್ಲ ನನ್ನ ಅವ್ವ. ಅವಳಿಗೆ ಅಂತ ಇದ್ದದ್ದು ಅದೊಂದೇ ಮಾನ.

ಸುದ್ದಿ ಬಂದರೆ ಏನಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಎದುರು ಮನೆಯ ಅಕ್ಕನಿಗೆ ಮಿರಜ ಆಸ್ಪತ್ರೆಯಿಂದ ಗಂಡ ತೀರಿಕೊಂಡ ತಾರು ಬಂದ ದಿನ, ನಿನ್ನೆ ತನಕ ಅವಳ ಜೊತೆ ನಕ್ಕ ಹೆಂಗಸರೇ ಅವಳನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಬಳೆ ಒಡೆದರು. ಒಂದು ಚೂರು ಮಣಿಕಟ್ಟಿಗೆ ಹೊಕ್ಕು ರಕ್ತ ಬಂತು. ಯಾರೂ ಒರೆಸಲಿಲ್ಲ. ಎಲ್ಲರಿಗಿಂತ ಮುಂದೆ ನಿಂತಿದ್ದವಳು ನಮ್ಮ ಮಗ್ಗುಲ ಮನೆಯ ಕಾಕು. ಕಾಕು ಕೆಟ್ಟವಳೇನಲ್ಲ, ನನಗೆ ಜ್ವರ ಬಂದರೆ ರಾತ್ರಿಯಿಡೀ ಕೂರುವವಳು. ಆದರೆ ಪದ್ಧತಿ ಎಂದರೆ ಪದ್ಧತಿ ಎನ್ನುವ ಜೀವ. ಅಂದಿನಿಂದ ನಮ್ಮ ಬಾಗಿಲಲ್ಲಿ ಅಪರಿಚಿತರ ಚಪ್ಪಲಿ ಕಂಡರೆ ನಾನು ಹೊಸ್ತಿಲು ದಾಟದೆ ಹೊರಗೇ ನಿಂತು ಒಳಗಿನ ಮಾತಿಗೆ ಕಿವಿಗೊಡುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಆಗಷ್ಟೇ ಕಾಲೇಜು ಸೇರಿದ್ದೆ. ಒಂದು ಮಧ್ಯಾಹ್ನ ಅವ್ವನೂ ಕಾಕುವೂ ಎದುರುಬದುರು ಕೂತು ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು, ನಾನು ಎಲೆ ಕತ್ತರಿಸಿ ಕೊಡುತ್ತಿದ್ದೆ. ಕನ್ನಡಕದ ಗೃಹಸ್ಥರೊಬ್ಬರು ಬಂದು, ಪೇಂಟರ ಮನೆ ಇದೇ ಏನ್ರಿ ಎಂದು ಕೇಳಿದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಸುರುಳಿ. ನಾನು ಅಲ್ಲ ಎನ್ನಬೇಕೆಂದು ಬಾಯಿ ತೆರೆಯುವುದರೊಳಗೆ ಕಾಕು ಹೌದ್ರಿ ಬರ್ರಿ ಎಂದು ಚಾಪೆ ಹಾಸಿಯಾಗಿತ್ತು. ಆಕೆಯ ಉಪಕಾರಬುದ್ಧಿಗೆ ಬೆಂಕಿ ಹಾಕ.

ಅವರು ಕೊಲ್ಲಾಪುರ ಕಡೆಯವರು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಮ್ಮ ಹುಚ್ಚನ್ನು ಹೇಳಿಕೊಂಡರು. ಹಳೆಯ ನಾಟಕ ಕಂಪನಿಗಳ ಪೋಸ್ಟರು ಕೂಡಿಸುತ್ತಾರಂತೆ, ಪ್ರತಿಯೊಂದಕ್ಕೂ ಚಿತ್ರ ಬರೆದವರು ಯಾರೆಂದು ಹುಡುಕುತ್ತಾರಂತೆ. ಈ ಒಂದಕ್ಕೆ ಮಾತ್ರ ಸಹಿ ಇಲ್ಲ. ಚಿಕ್ಕೋಡಿ, ರಾಯಬಾಗ ಎಲ್ಲ ಸುತ್ತಿದರಂತೆ. ಕೊನೆಗೆ ಅಥಣಿಯಲ್ಲಿ ಯಾರೋ, ಒಬ್ಬ ಪೇಂಟರನ ಹೆಂಡತಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿಕೊಂಡಿದ್ದಾಳೆ, ಕೇಳಿ ನೋಡಿ ಎಂದರಂತೆ. ಹೇಳುತ್ತ ಹೇಳುತ್ತ ಸುರುಳಿ ಬಿಚ್ಚಿದರು.

ಬಣ್ಣವೆಲ್ಲ ಹಾರಿಹೋಗಿತ್ತು. ಕೆಂಪಿಲ್ಲ, ಹಳದಿಯಿಲ್ಲ, ಬರೀ ನೀಲಿ ಉಳಿದಿತ್ತು. ಸೀರೆಯುಟ್ಟ ಒಬ್ಬ ಹೆಂಗಸು ಹಣತೆ ಹಿಡಿದು ಕೂತಿದ್ದಾಳೆ. ಮುಖದಲ್ಲಿ ಕಣ್ಣು ಮೂಗು ಗೊತ್ತಾಗದಷ್ಟು ಮಾಸಿದೆ. ಹಣತೆ ಹಿಡಿದ ಕೈ ಮಾತ್ರ ಸ್ಪಷ್ಟವಾಗಿತ್ತು. ಆ ಕೈಯ ಕಿರುಬೆರಳು ಹೊರಕ್ಕೆ ಸೊಟ್ಟಗೆ ಬಾಗಿತ್ತು.

ಸಣ್ಣವಳಿದ್ದಾಗ ಬೀಸುವ ಕಲ್ಲಿಗೆ ಸಿಕ್ಕು ಸೊಟ್ಟಾದ ಅದೇ ಬೆರಳು ಅವ್ವನ ಕೈಯಲ್ಲಿ, ಮೊರದ ಅಂಚಿನ ಮೇಲೆ, ಎಲ್ಲರಿಗೂ ಕಾಣುವಂತೆ ಇತ್ತು.

ಅವ್ವನೂ ನೋಡಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. ನಿಧಾನವಾಗಿ ಕೈ ಎಳೆದುಕೊಂಡು ಮೊರದ ಕೆಳಗೆ ಇಟ್ಟುಕೊಂಡಳು. ಕಾಕು ಮಾತ್ರ ಚಿತ್ರದ ಮೇಲೆ ಬಗ್ಗಿ, ಭಾರಿ ಚಂದ ಐತಲ್ರಿ, ಇದನ್ನ ಬರದಾಂವ ಈಗೆಲ್ಲಿ ಅದಾನ ಎಂದು ಕೇಳಿದಳು.

ಗೃಹಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ತಮಗೆ ಒಬ್ಬರ ಮೇಲೆ ಅನುಮಾನವಿದೆ ಎಂದು ಒಂದು ಹೆಸರು ಹೇಳಿದರು. "ಖರೇ ಅಂದ್ರ ಅವರು ಈಗ ಇಲ್ಲರಿ. ಹೋದ ಮಳಿಗಾಲದಾಗ ಪಂಢರಪುರದ ಧರ್ಮಶಾಳೆದಾಗ ತೀರಿಕೊಂಡ್ರಂತ. ತಮ್ಮವರು ಅಂತ ಒಬ್ರೂ ಬರಲಿಲ್ಲಂತ."

ಅದು ನನ್ನ ಅಪ್ಪನ ಹೆಸರು.

ಅಳು ಬರಲಿಲ್ಲ, ಹೆದರಿಕೆ ಅಳುವಿಗೂ ಜಾಗ ಕೊಡಲಿಲ್ಲ. ಆ ಹೆಸರು ಯಾರದೆಂದು ಅಲ್ಲಿ ಗೊತ್ತಿದ್ದದ್ದು ನನಗೆ ಮತ್ತು ಅವ್ವನಿಗೆ ಮಾತ್ರ. ಓಣಿಗೆಲ್ಲ ಅವನು ಬರೀ ಪೇಂಟರ. ಗಂಡನ ಹೆಸರನ್ನು ಅವ್ವ ಬಾಯಿಬಿಟ್ಟು ಹೇಳಿದವಳಲ್ಲ. ಯಾರು ಹೇಳುತ್ತಿದ್ದರು ಆಗ? ಶಾಲೆಯಲ್ಲಿ ಹೆಸರು ಹಚ್ಚುವಾಗ ಮಾಸ್ತರು ಕೇಳಿದ್ದಕ್ಕೆ ಸೆರಗು ಬಾಯಿಗೆ ಹಿಡಿದು ನನ್ನ ಬೆನ್ನು ತಿವಿದಿದ್ದಳು, ತವರಿನ ಅಜ್ಜ ಕಲಿಸಿದ್ದ ಹೆಸರನ್ನು ನಾನೇ ಹೇಳಿದ್ದೆ. ಅರಿಶಿನ-ಕುಂಕುಮಕ್ಕೆ ಕೂಡಿದಾಗ ಉಳಿದವರೆಲ್ಲ ಆಗ ಮಾತ್ರ ಸಲ್ಲುವ ಒಡಪಿನ ಪ್ರಾಸದಲ್ಲಿ ಗಂಡನ ಹೆಸರು ಸೇರಿಸಿ ಹೇಳಿ ನಗುತ್ತಿದ್ದರೆ, ಅವ್ವನಿಗೆ ಮಾತ್ರ ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

ಗೃಹಸ್ಥರು ಅವ್ವನ ಕಡೆ ನೋಡಿ, ನಿಮ್ಮ ಯಜಮಾನರ ಹೆಸರು ಎಂದು ಅರ್ಧಕ್ಕೆ ನಿಲ್ಲಿಸಿದರು. ಹೆಂಗಸರನ್ನು ಹಾಗೆ ಕೇಳಬಾರದೆಂದು ಅವರಿಗೂ ಗೊತ್ತು. ನನ್ನ ಕಡೆ ತಿರುಗಿದರು.

"ನೀ ಹೇಳವ್ವಾ. ನಿಮ್ಮಪ್ಪನ ಹೆಸರೇನು?"

ಕಾಕು ಬೀಡಿ ಕಟ್ಟುವುದನ್ನು ನಿಲ್ಲಿಸಿದಳು. ಅವಳ ಕಣ್ಣು ಅವ್ವನ ಹಣೆಗೆ ಹೋಯಿತು, ಅಲ್ಲಿಂದ ಬಳೆಗೆ ಇಳಿಯಿತು. ನಾನು ಬಾಯಿ ತೆರೆದರೆ ಸಾಕಿತ್ತು. ಸುಳ್ಳು ಹೆಸರೊಂದು ನಾಲಿಗೆಗೆ ಬರಲಿ ಎಂದು ಒದ್ದಾಡಿದೆ. ಹಾಳು ನಾಲಿಗೆ, ಬೇಕಾದಾಗ ಎಂದು ಹೊರಳಿದೆ ಅದು? ಜಗತ್ತಿನ ಸಾವಿರ ಹೆಸರುಗಳಲ್ಲಿ ಒಂದೂ ನೆನಪಾಗಲಿಲ್ಲ. ನಾನು ಸುಮ್ಮನಿದ್ದಷ್ಟೂ ಕಾಕುವಿನ ಮುಖ ಬಿಗಿಯುತ್ತಿತ್ತು.

ಆಗ ಅವ್ವ ಅಪ್ಪನ ಹೆಸರು ಹೇಳಿದಳು. ಒಂದಕ್ಷರವನ್ನೂ ನುಂಗದೆ, ಸಂತೆಯಲ್ಲಿ ಯಾರನ್ನೋ ಕೂಗಿದಷ್ಟು ಸಲೀಸಾಗಿ. ಹೇಳಿ, "ಅಂವ ಯಾಂವನೋ ನಮಗ ಗೊತ್ತಿಲ್ಲರಿ. ನಮ್ಮ ಮನಿಯವರು ಬ್ಯಾರೆ," ಎಂದಳು.

ಅಂವ ಎಂದಳು. ಅಪ್ಪನನ್ನು ಅವ್ವ ಯಾವತ್ತೂ ಅವರು ಎನ್ನದೆ ಮಾತಾಡಿದವಳಲ್ಲ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಕಾಕು ಉಸಿರು ಬಿಟ್ಟಳು. ಆಮೇಲೆ ಗೃಹಸ್ಥರನ್ನು ತರಾಟೆಗೆ ತೆಗೆದುಕೊಂಡಳು. ಮುತ್ತೈದೆಯ ಮನೆಗೆ ಬಂದು ಎಂಥ ಅಪಶಕುನ ನುಡಿದಿರಿ, ನೋಡಿದಿರಲ್ಲ, ಆ ಹೆಸರು ಹೇಗೆ ಪಟ್ಟನೆ ಅಂದಳು, ಗಂಡನದಾಗಿದ್ದರೆ ಯಾವ ಗರತಿ ಹಾಗೆ ಅಂದಾಳು, ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆ ಆಗುತ್ತದೆ ಎನ್ನುವುದು ಹಾಲು ಕುಡಿಯುವ ಕೂಸಿಗೂ ಗೊತ್ತು ಎಂದಳು. ಆ ಮನುಷ್ಯರು ನಾಚಿ ಕೈಮುಗಿದರು. ಅವರ ಕಡೆಯೂ ಅದೇ ಪದ್ಧತಿ. ಅವರಿಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ತಪ್ಪು ಮನೆಗೆ ಬಂದೆ, ತಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸುರುಳಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು. ಅವರು ಆ ಪೋಸ್ಟರಿನ ಕೆಳಗೆ ಕಲಾವಿದ ಯಾರೆಂದು ತಿಳಿಯದು ಎಂದೇ ಬರೆದುಕೊಂಡಿರಬೇಕು.

ಕಾಕು ಈ ಕಥೆಯನ್ನು ಓಣಿಗೆ ಹಂಚಲು ಎದ್ದು ಹೋದಳು. ಹೋಗಲಿ, ಹಂಚಲಿ ಎಂದುಕೊಂಡೆ. ಬಾಗಿಲು ಮುಂದೆ ಮಾಡಿ ಬಂದು ಅವ್ವನ ಹತ್ತಿರ ಕೂತೆ. ಅವ್ವ ಮೊರದ ಕೆಳಗಿನಿಂದ ಕೈ ತೆಗೆದು ಒಂದು ಎಲೆ ಎತ್ತಿಕೊಂಡಳು, ತಂಬಾಕು ಹಾಕಿದಳು. ಸುರುಳಿ ಸುತ್ತಲು ಬರಲಿಲ್ಲ, ಎಲೆ ಹರಿಯಿತು. ಇನ್ನೊಂದು ಎತ್ತಿಕೊಂಡಳು, ಅದೂ ಹರಿಯಿತು. ಕಣ್ಣು ಮುಚ್ಚಿಯೂ ಬೀಡಿ ಕಟ್ಟಬಲ್ಲವಳು ನನ್ನ ಅವ್ವ.

ಅದು ಅಪ್ಪ ಬರೆದದ್ದೇ ಅಲ್ಲವಾ ಎಂದು ಪಿಸುಗುಟ್ಟಿದೆ.

"ಹಣತಿ ಹಿಡಕೊಂಡ ಕುಂಡ್ರು ಅಂತಿದ್ರು," ಎಂದಳು ಅವ್ವ. "ಕೈ ನೋಯ್ತೈತ್ರಿ ಅಂದ್ರ, ಎಣ್ಣಿ ತೀರೂ ತನಕ ಅಂತಿದ್ರು."

ಧರ್ಮಶಾಲೆಯ ಮಾತನ್ನು ಅವಳು ಎತ್ತಲಿಲ್ಲ. ಕೇಳಿಸಿಕೊಂಡಳೋ ಇಲ್ಲವೋ ಎನ್ನುವಂತಿದ್ದಳು. ಹರಿದ ಎಲೆಗಳನ್ನು ಬದಿಗೆ ಸರಿಸಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ಹೆದರಿದ ಮುಖವನ್ನು ನಾನು ಅವಳಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ.

"ಅವರ ಹೆಸರ ಹಿಡದ ಅಂದ್ನೆಲ್ಲ ಮಗಳ, ಅವರಿಗೆ ಏನರೆ ಆದೀತೇನ?"

"ಏನೂ ಆಗೂದಿಲ್ಲ ಯವ್ವಾ," ಎಂದೆ. "ಎಲ್ಲಿದ್ರೂ ಆರಾಮ ಇರ್ತಾರ ಅವರು."