ಸಸಿಯಮ್ಮನ ಹಳೇ ಕಣ್ಣು, ಹೊಸ ಕಣ್ಣು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಳಗಾಗುವುದು ಸಸಿಯಮ್ಮ ಬಂದು ಸ್ವಿಚ್ಚು ಒತ್ತಿದಾಗಲೇ. ಹೊರಗೆ ಬೀದಿದೀಪಗಳು ಇನ್ನೂ ಆರಿಲ್ಲ. ಒಳಗೆ ಕಬ್ಬಿಣದ ರ‍್ಯಾಕುಗಳಿಗೆ ಸರಪಳಿಯಲ್ಲಿ ತೂಗುಹಾಕಿದ ಟ್ಯೂಬ್‌ಲೈಟುಗಳು ಮಿಣಮಿಣ ಅಂದು, ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಕೆಳಗೆ ಟ್ರೇಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಚೆಂಡುಹೂವಿನ ಸಸಿಗಳು. ಸಸಿಯಮ್ಮ ಮೊದಲ ರ‍್ಯಾಕಿನ ಮುಂದೆ ನಿಂತು ಬಲಗಣ್ಣು ಮುಚ್ಚಿ ನೋಡುತ್ತಾರೆ. ಆಮೇಲೆ ಎಡಗಣ್ಣು ಮುಚ್ಚಿ ನೋಡುತ್ತಾರೆ. ಎರಡನೇ ರ‍್ಯಾಕಿಗೂ ಅದೇ. ಗೊತ್ತಿಲ್ಲದವರು ನೋಡಿದರೆ, ಈ ವಯಸ್ಸಿನಲ್ಲಿ ಗಿಡಗಳಿಗೆ ಕಣ್ಣು ಹೊಡೆಯುತ್ತಿದ್ದಾರಲ್ಲ ಅಂದುಕೊಳ್ಳಬೇಕು.

"ನಗಬೇಡಿ" ಎನ್ನುತ್ತಾರೆ ಅವರು, ತಾವೇ ನಗುತ್ತಾ. "ಇದೊಂದು ಹೊಳೀದೆ ಈ ಕೂಸುಗಳನ್ನ ಎಷ್ಟು ದಿನ ಉಪವಾಸ ಕೆಡವಿದೀನೋ."

ಸಸಿಯಮ್ಮ ಎನ್ನುವುದು ಆಸ್ಪತ್ರೆಯೇ ಇಟ್ಟ ಹೆಸರು. ಪಾರ್ಶ್ವವಾಯು ಬಡಿದು ಕೈ ಸ್ವಾಧೀನ ತಪ್ಪಿದವರು, ಬೆರಳು ಜಜ್ಜಿಕೊಂಡವರು ಇಲ್ಲಿ ತಿಂಗಳುಗಟ್ಟಲೆ ಇದ್ದು, ಹಿಡಿಯುವುದನ್ನು ಮತ್ತೆ ಮೊದಲಿಂದ ಕಲಿಯುತ್ತಾರೆ. ಅವರಿಗೆ ವ್ಯಾಯಾಮ ಮಾಡಿಸುವಾಕೆಯನ್ನು ಎಲ್ಲರೂ ಕೈ ಡಾಕ್ಟ್ರಮ್ಮ ಅಂತ ಕರೆಯುತ್ತಾರೆ. ಚೆಂಡು ಹಿಸುಕಿಸಿ, ಅಂಗಿಗೆ ಗುಂಡಿ ಹಾಕಿಸಿ ಆದಮೇಲೆ ಕೊನೆಯ ಪಾಠ ಈ ನೆಲಮಾಳಿಗೆಯಲ್ಲಿ. ಎರಡೇ ಬೆರಳಲ್ಲಿ ಸಸಿ ಎತ್ತಬೇಕು, ಕುಂಡದಲ್ಲಿ ನೆಡಬೇಕು, ಬೇರಿಗೆ ಮಣ್ಣು ಒತ್ತಬೇಕು. ಬದುಕಿದ ಗಿಡವನ್ನು ಮನೆಗೆ ಒಯ್ಯಬಹುದು.

ಸಸಿಯಮ್ಮ ಇಲ್ಲಿಗೆ ಬಂದದ್ದು ನೆಲ ಒರೆಸಲು. ಗಂಡ ತೀರಿಕೊಂಡಿದ್ದರು, ಕಂಕುಳಲ್ಲಿ ಮಗಳಿದ್ದಳು. ಆಗ ಈ ಕೋಣೆಯ ತುಂಬ ಮುರಿದ ಮಂಚಗಳು. ರೋಗಿಗಳನ್ನು ನೋಡಲು ಬಂದವರು ಬಿಟ್ಟುಹೋದ ಬಾಡಿದ ಕುಂಡಗಳನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ, ಮಂಚಗಳ ಸಂದಿಯಲ್ಲಿ ದೀಪದ ಕೆಳಗೆ ಸಾಲಾಗಿಟ್ಟರು. ಅವು ಚಿಗುರಿದವು. ಯಾರೋ ಈಕೆಯ ಕೈಗುಣ ಚೆನ್ನಾಗಿದೆ ಅಂದರು, ಮಾತು ವಾರ್ಡಿನಿಂದ ವಾರ್ಡಿಗೆ ಹಬ್ಬಿತು. ಮಂಚಗಳು ಗುಜರಿ ಸೇರಿದವು, ರ‍್ಯಾಕುಗಳು ಬಂದವು, ಬೀಗದ ಕೈ ಸಸಿಯಮ್ಮನ ಸೊಂಟ ಸೇರಿತು. ನೀರು ಎಷ್ಟು, ದೀಪ ಎಷ್ಟು ಎತ್ತರ, ಎಲ್ಲವೂ ಅಂದಿನಿಂದ ಅವರ ಕಣ್ಣಳತೆಯಲ್ಲೇ ನಡೆದಿದೆ.

ಆ ಕಣ್ಣಿಗೇ ಪೊರೆ ಬಂತು. ಮಗಳು ಹಟ ಹಿಡಿದು, ಮೊದಲು ಬಲಗಣ್ಣಿನ ಆಪರೇಷನ್ ಮಾಡಿಸಿದಳು. ವಿಶ್ರಾಂತಿ ಮುಗಿಸಿ ಬಂದ ಸಸಿಯಮ್ಮನಿಗೆ ಜಗತ್ತೆಲ್ಲ ಒಗೆದು ಹರವಿದ ಹಾಗೆ ಕಂಡಿತಂತೆ. ಅದಾಗಿ ಸ್ವಲ್ಪ ದಿನಕ್ಕೆ ಸಸಿಗಳು ಮಂಕಾದವು. ಮೊಳಕೆ ಬಂದು ಎರಡೆಲೆ ಬಿಟ್ಟು ಅಲ್ಲಿಗೇ ನಿಂತುಬಿಟ್ಟವು. ಕಾಂಡ ನೂಲಿನಷ್ಟು ತೆಳ್ಳಗೆ, ಎಲೆಯಲ್ಲಿ ಬಣ್ಣವಿಲ್ಲ.

ಆ ದಿನಗಳಲ್ಲೇ ಒಬ್ಬ ಟೈಲರಣ್ಣ ಕೊನೆಯ ಪಾಠಕ್ಕೆ ಕೆಳಗೆ ಬಂದರು. ಬಲಗೈ ಬಿದ್ದುಹೋಗಿ, ಈಗಷ್ಟೇ ಬೆರಳು ಕೂಡತೊಡಗಿತ್ತು. ಅವರು ಉಸಿರು ಬಿಗಿಹಿಡಿದು ಎತ್ತಿದ ಸಸಿ ನಡುವಿಗೇ ಮುರಿಯಿತು. ಇನ್ನೊಂದು ಎತ್ತಿದರು, ಅದೂ ಹೋಯಿತು. "ಸಾಕು. ಇನ್ನು ಸೂಜಿ ಹಿಡಿಯೋ ಕೈ ಅಲ್ಲ ಇದು" ಅಂದವರು ಮತ್ತೆ ಕೆಳಗಿಳಿಯಲಿಲ್ಲ. ಸಸಿಯಮ್ಮ ಹೇಳುತ್ತಾರೆ: "ಸಸಿ ಮುರಿದ್ರೆ ಇಲ್ಲಿಗೆ ಬರೋರು ಯಾರೂ ಸಸಿಯನ್ನ ಬೈಯಲ್ಲ, ತಮ್ಮ ಕೈಯನ್ನೇ ಬೈತಾರೆ. ಅದಕ್ಕೇ ನನ್ನ ಸಸಿ ಗಟ್ಟಿ ಇರ್ಬೇಕು."

ತಪ್ಪು ಎಲ್ಲಿ ಎಂದು ಅವರು ಹುಡುಕಿದ ರೀತಿಗೆ ಪತ್ತೇದಾರರೂ ತಲೆದೂಗಬೇಕು. ನಲ್ಲಿ ನೀರಿನ ಮೇಲೆ ಅನುಮಾನ ಬಂತು. ಬಕೆಟ್ಟಿನಲ್ಲಿ ರಾತ್ರಿಯೆಲ್ಲ ಇಟ್ಟು ಹಾಕಿದರು. ಮಣ್ಣನ್ನು ಜರಡಿ ಹಿಡಿದು ಬದಲಾಯಿಸಿದರು. ನೆಲದ ತಂಡಿ ತಾಗುತ್ತಿದೆಯೇನೋ ಎಂದು ಕೆಳಗಿನ ಟ್ರೇಗಳನ್ನು ಮೇಲೆ ಏರಿಸಿದರು. ಬೀಜವೇ ಸತ್ತಿರಬೇಕೆಂದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೀಜಗಳು ಜಂಬದಿಂದ ಮೊಳೆತವು. "ಬೆಳಕು ಸಾಲ್ತಿಲ್ವೇನೋ ಅಮ್ಮ?" ಎಂದು ಕೈ ಡಾಕ್ಟ್ರಮ್ಮ ಮೊದಲ ದಿನವೇ ಕೇಳಿದ್ದರು. ಸಸಿಯಮ್ಮ ಸಿಡುಕಿದ್ದರು: "ಇನ್ನೆಷ್ಟು ಬೇಕು ತಾಯಿ? ಕಣ್ಣು ಕುಕ್ತಾ ಇದೆ!"

ಕೊನೆಗೆ ಒಂದು ಟ್ರೇಯನ್ನು ಮನೆಗೆ ಒಯ್ದು ಅಡುಗೆಮನೆಯ ಕಿಟಕಿಯಲ್ಲಿಟ್ಟರು. ನೀರು ಹಾಕಿದ್ದು ಮಗಳು. ಅವು ವಾರದಲ್ಲಿ ತಲೆ ಎತ್ತಿ ನಿಂತವು. ಅಲ್ಲಿ ಕಿಟಕಿಯೂ ಇತ್ತು, ಮಗಳೂ ಇದ್ದಳು. ಸಸಿಯಮ್ಮನಿಗೆ ಕಂಡದ್ದು ಮಗಳು ಮಾತ್ರ. "ನನ್ನ ಕೈಗುಣ ಹೋಯ್ತು ಕಣೇ" ಅಂದರು. ಮಗಳು ಬೈದರೂ ಕೇಳದೆ, ಬೀಗದ ಕೈ ಒಪ್ಪಿಸಿ ಮತ್ತೆ ನೆಲ ಒರೆಸುವ ಕೆಲಸಕ್ಕೆ ಹೋಗುವುದೆಂದು ತೀರ್ಮಾನಿಸಿ ಮರುದಿನ ಬಂದರು.

ಮನಸ್ಸು ಕೆಟ್ಟಿದ್ದರಿಂದ ಆ ದಿನ ಮನೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುವುದೇ ಮರೆತಿತ್ತು. ಡಾಕ್ಟ್ರಮ್ಮನಿಗಾಗಿ ಕಾಯುತ್ತ ಇಲ್ಲೇ ಸ್ಟೂಲಿನ ಮೇಲೆ ಕೂತು, ಬಲಗಣ್ಣಿಗೆ ಹನಿ ಹಾಕಿಕೊಂಡು ಅದೊಂದನ್ನೇ ಮುಚ್ಚಿದರು. ಅಷ್ಟರಲ್ಲಿ ಬಾಗಿಲಲ್ಲಿ ಹೆಜ್ಜೆ ಸದ್ದು.

"ದೀಪ ಯಾಕೆ ಆರಿಸಿದ್ರಿ ಡಾಕ್ಟ್ರಮ್ಮ?"

"ನಾನೆಲ್ಲಿ ಆರಿಸಿದೆ ಅಮ್ಮ? ಎಲ್ಲಾ ಉರೀತಿವೆಯಲ್ಲ."

ಸಸಿಯಮ್ಮ ಬಲಗಣ್ಣು ತೆರೆದರು. ಬೆಳ್ಳಗೆ ಹಗಲು. ಮುಚ್ಚಿದರು. ಮುಸ್ಸಂಜೆ. ಆಪರೇಷನ್ ಆದಮೇಲೆ ಮೊದಲ ದಿನ ಈ ಕೋಣೆಗೆ ಕಾಲಿಟ್ಟು ತಾವು ಮಾಡಿದ್ದೆಲ್ಲ ನೆನಪಿಗೆ ಬಂತು. "ಅಯ್ಯೋ, ಇಷ್ಟು ವರ್ಷ ಈ ಮಕ್ಕಳನ್ನ ಇಂಥ ಉರಿಯಲ್ಲಿ ಇಟ್ಟಿದ್ನಲ್ಲ ಅಂತ ಮರುಕ ಬಂದು, ಎಲ್ಲಾ ದೀಪಾನೂ ಒಂದು ಗೇಣು ಮೇಲಕ್ಕೆ ಏರಿಸಿದ್ದೆ. ಸಸಿಗಳು ಬೆಳಕು ಬೇಕು ಅಂತ ಕತ್ತು ಚಾಚಿ ಹೇಳ್ತಾನೇ ಇದ್ವು. ನಾನು ಹೊಸ ಕಣ್ಣಿನ ಮಾತು ಕೇಳ್ತಾ ಕೂತೆ." ಅಂದೇ ಹೊಸ ಕಣ್ಣನ್ನು ಮುಚ್ಚಿಕೊಂಡು, ಹಳೇ ಕಣ್ಣಿಗೆ ಸರಿ ಎನಿಸುವವರೆಗೆ ಸರಪಳಿ ಇಳಿಸಿದರು. ಡಾಕ್ಟ್ರಮ್ಮ ನಕ್ಕು ನಕ್ಕು ಸ್ಟೂಲು ಹಿಡಿದುಕೊಂಡರಂತೆ. ಬೀಗದ ಕೈ ಸೊಂಟದಲ್ಲೇ ಉಳಿಯಿತು.

ಹೊಸದಾಗಿ ಬಿತ್ತಿದ ಸಸಿಗಳು ಗಟ್ಟಿಯಾದ ದಿನ, ಸಸಿಯಮ್ಮ ಟ್ರೇ ಹಿಡಿದು ತಾವೇ ಮಹಡಿ ಹತ್ತಿದರು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಟೈಲರಣ್ಣನಿಗೆ ನಡೆದದ್ದೆಲ್ಲ ಹೇಳಿದರು. "ನೀವೂ ಕೈಯನ್ನೇ ಬೈದ್ರಿ, ನಾನೂ ಕೈಯನ್ನೇ ಬೈದೆ. ಪಾಪ, ಕೈ ಏನು ಮಾಡಿತ್ತು ಅಣ್ಣ?" ಅವರು ಎದ್ದು ಕೂತರು. ಎತ್ತಿದ ಮೊದಲ ಸಸಿ ಬೆರಳಿಂದ ಜಾರಿ ಹಾಸಿಗೆಗೆ ಬಿತ್ತು. ಆದರೆ ಮುರಿಯಲಿಲ್ಲ. ಎರಡನೆಯದು ಕುಂಡ ಸೇರಿತು.

ಮುಂದಿನ ವಾರ ಎಡಗಣ್ಣಿನ ಆಪರೇಷನ್. ಹಳೇ ಕಣ್ಣೂ ಹೋದರೆ ಅಳತೆ ಕೇಳುವುದು ಯಾರನ್ನು? ಅದಕ್ಕೇ ಈಗ ಬೆಳಗ್ಗೆ ಬೆಳಗ್ಗೆ ಈ ಕಣ್ಣು ಹೊಡೆಯುವ ಕೆಲಸ. ಹಳೇ ಕಣ್ಣು ಸೈ ಎಂದ ಎತ್ತರಕ್ಕೆ ಪ್ರತಿ ದೀಪದಿಂದಲೂ ಒಂದು ದಾರ ಇಳಿಬಿಡುತ್ತಿದ್ದಾರೆ. ಮೊಳಕೆಗೆ ಒಂದು ಗಂಟು, ನಾಲ್ಕೆಲೆಗೆ ಇನ್ನೊಂದು. ಗಂಟು ಟ್ರೇಯ ಅಂಚಿಗೆ ತಾಗಿದರೆ ದೀಪ ಸರಿ.

"ನಾಳೆ ಯಾರು ಈ ಕೆಲಸಕ್ಕೆ ಬಂದ್ರೂ, ಅವರ ಕಣ್ಣು ಹೇಗೇ ಇದ್ರೂ ಚಿಂತೆ ಇಲ್ಲ" ಎನ್ನುತ್ತಾರೆ. ತಮಗಾಗಿ ಬೇರೇನೂ ಆಸೆ ಇಲ್ಲವೇ ಎಂದರೆ, "ಎರಡೂ ಕಣ್ಣಲ್ಲಿ ಒಂದ್ಸಲ ಚೆಂಡುಹೂವನ್ನ ನೋಡ್ಬೇಕು. ಇಷ್ಟು ವರ್ಷ ಬೆಳೆಸಿದೀನಿ, ಅದರ ಬಣ್ಣ ಸರಿಯಾಗಿ ನೋಡಿಲ್ಲ ಅಂತ ಈಗ ಗೊತ್ತಾಗ್ತಿದೆ" ಎನ್ನುತ್ತಾರೆ.

ದಾರದ ಗಂಟುಗಳು ಸೊಟ್ಟಗಿವೆ, ಒಂದು ದಪ್ಪ, ಒಂದು ಸಣ್ಣ. ಅವನ್ನು ಹಾಕುತ್ತಿರುವುದು ರ‍್ಯಾಕಿನ ಪಕ್ಕ ಕುರ್ಚಿಯಲ್ಲಿ ಕೂತಿರುವ ಟೈಲರಣ್ಣ, ಬಲಗೈಯಲ್ಲೇ, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ. ಸಸಿಯಮ್ಮ ಒಂದು ಗಂಟನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ಹೇಳುತ್ತಾರೆ:

"ಬಿಚ್ಚಲ್ಲ. ಎಲ್ಲಾ ಎಳೆದು ನೋಡಿದೀನಿ."